ಏಳನೇ ಪಾಯಿಂಟ್

"ಐದು ನೇರ," ಎಂದರು ಅಪ್ಪ.

"ಐದು ನೇರ," ಎಂದ ಅಳಿಯ, ಮೂಗು ಹಳಿಗೆ ತಾಗುವಷ್ಟು ಬಗ್ಗಿ ನೋಡಿ.

"ಐದು ಲೂಪ್."

ಟಕ್ ಎಂದಿತು. ಬೆರಳುದ್ದದ ಹಳಿಯ ತುಂಡು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯಿತು. "ಐದು ಲೂಪ್."

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಮಗಳು ದಾರವನ್ನು ಹಲ್ಲಿನಲ್ಲಿ ಕತ್ತರಿಸಿ ನಕ್ಕಳು. "ನಿಮ್ಮಿಬ್ರ ಮಗ್ಗಿ ಮುಗಿಯೋದು ಯಾವಾಗ? ಕೇಳಿ ಕೇಳಿ ನನ್ನ ಮಷೀನೂ ನೇರ ಲೂಪ್, ನೇರ ಲೂಪ್ ಅಂತಿದೆ."

"ಮಗ್ಗಿ ತಪ್ಪಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಾರೆ ಕಣಮ್ಮ, ಅಷ್ಟೇ," ಎಂದರು ಅಪ್ಪ. "ಇದು ತಪ್ಪಿದ್ರೆ..."

 ಮಗಳು ಸೂಜಿಗೆ ಮತ್ತೆ ದಾರ ಪೋಣಿಸತೊಡಗಿದಳು.

ನಡುಮನೆಯ ತುಂಬ ಒಂದು ಹಳೆಯ ಬಾಗಿಲು ಮಲಗಿತ್ತು, ಎರಡು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ. ಬೀಗ ಕಿತ್ತ ಜಾಗದಲ್ಲಿ ಮುಷ್ಟಿಯಗಲದ ತೂತು. ಅದರಲ್ಲಿ ತೂರಿದ ತಂತಿಗಳು ಬಾಗಿಲಿನ ಹೊಟ್ಟೆಯಡಿಯ ಕತ್ತಲಿಗೆ ಇಳಿದಿದ್ದವು. ಮೇಲೆ ಅಪ್ಪ ಮೂವತ್ತೊಂದು ವರ್ಷ ದುಡಿದ ರೈಲ್ವೆ ಯಾರ್ಡು. ಯಾರೋ ಮಾರಿದ ಆಟಿಕೆ ರೈಲಿನ ಹಳಿ, ಒಣಗಿಸಿದ ಚಹಾ ಚರಟದ ನೆಲ, ಬೆಂಕಿಪೊಟ್ಟಣದ ಕ್ಯಾಬಿನ್, ಪೌಡರ್ ಡಬ್ಬಿ ಕತ್ತರಿಸಿದ ನೀರಿನ ಟ್ಯಾಂಕು. ಅಪ್ಪನನ್ನು ಈಗ ಯಾರ್ಡಿನ ಒಳಗೆ ಬಿಡುತ್ತಿರಲಿಲ್ಲ. ಬೇಲಿಯ ಹೊರಗೆ ನಡೆದು, ಕಂಬ ಎಣಿಸಿ, ಹೆಜ್ಜೆ ಎಣಿಸಿ, ಅಳತೆಗಳನ್ನು ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದು ತಂದಿದ್ದರು. ಯಾರ್ಡಿನಲ್ಲಿ ಎಲ್ಲವೂ ಇತ್ತು, ಮನುಷ್ಯರು ಮಾತ್ರ ಇರಲಿಲ್ಲ. ಪಕ್ಕಕ್ಕೆ ಕವಲೊಡೆದ ಲೂಪ್ ಲೈನಿನಲ್ಲಿ ನಿಂತಿದ್ದ ಒಂದೇ ಒಂದು ವ್ಯಾಗನ್ನಿನ ಮಗ್ಗುಲಿಗೆ ಮಗಳು ಒಂದು ಬಿಳಿ ಅಂಗಿ ಗುಂಡಿ ಇಟ್ಟಿದ್ದಳು. ಅಪ್ಪ ಬೆರಳು ತೋರಿಸಿ, "ಇಲ್ಲಿ ಕೂತಿದ್ದ," ಎಂದಿದ್ದರು. ಅದಕ್ಕೆ ಇಟ್ಟಿದ್ದಳು.

ನಾಲ್ಕು ತಿಂಗಳ ಹಿಂದೆ, ಮಧ್ಯಾಹ್ನ ಎರಡು ಹತ್ತಕ್ಕೆ, ನೇರ ಹೋಗಬೇಕಿದ್ದ ಖಾಲಿ ಗೂಡ್ಸ್, ಹಳಿ ಕವಲೊಡೆಯುವ ಏಳನೇ ಪಾಯಿಂಟಿನಲ್ಲಿ ಲೂಪಿಗೆ ತಿರುಗಿ ಆ ವ್ಯಾಗನ್ನಿಗೆ ಗುದ್ದಿತು. ಹಳಿಯ ಬೋಲ್ಟು ಬಿಗಿಯುವವನೊಬ್ಬ ಅದರ ನೆರಳಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದ. ಡಬ್ಬಿಗೆ ಒಂದು ತಗ್ಗೂ ಬಿದ್ದಿರಲಿಲ್ಲವಂತೆ.

"ನಾನು ಕ್ಯಾಬಿನ್ನಲ್ಲಿ ಸ್ವಿಚ್ ನೇರಕ್ಕೇ ಇಟ್ಟಿದ್ದೆ. ದೀಪಾನೂ ನೇರ ಅಂತಲೇ ಉರೀತಿತ್ತು," ಎಂದು ಅಪ್ಪ ಹೇಳಿದ್ದನ್ನೇ ಹೇಳಿದರು. ಕೇಳುವವರಿಲ್ಲ. ಅದೇ ದಿನ ಏಳನೇ ಪಾಯಿಂಟಿಗೆ ಹೊಸ ಕೇಬಲ್ ಹಾಕಿ, ಒಂದೂವರೆಗೆ ಪರೀಕ್ಷೆಯೂ ಆಗಿತ್ತು. ಎಲ್ಲ ಸರಿಯಿದೆ ಎಂದು ರಿಜಿಸ್ಟರಿನಲ್ಲಿ ಬರೆದದ್ದು ಅಪ್ಪನೇ. ಅಪಘಾತದ ನಂತರ ಮೇಲಿನವರು ಬಂದು ನೋಡಿದಾಗಲೂ ತಂತಿಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಅಂದಮೇಲೆ ಮುದುಕ ಮರೆವಿನಲ್ಲಿ ಲೂಪಿಗೆ ತಿರುಗಿಸಿ, ಸದ್ದು ಕೇಳಿದ ಮೇಲೆ ವಾಪಸು ತಿರುಗಿಸಿದ್ದಾನೆ ಎಂದಾಯಿತು. ನಾಳೆ ಸೋಮವಾರ ಹನ್ನೊಂದಕ್ಕೆ ಕೊನೆಯ ವಿಚಾರಣೆ. ಅಲ್ಲಿ ಕೆಲಸ ಹೋದರೆ ಅದರ ಬೆನ್ನಿಗೇ ಪೊಲೀಸರು ಬರುತ್ತಾರೆ.

ಈ ಆಟಿಕೆ ಯಾರ್ಡು ಅದಕ್ಕೇ. ಕ್ಯಾಬಿನ್ನಿನ ಕಿಟಕಿಯಿಂದ ನೋಡಿದರೆ ಏಳನೇ ಪಾಯಿಂಟಿಗೆ ನೀರಿನ ಟ್ಯಾಂಕು ಅಡ್ಡ ಬರುತ್ತದೆ, ದೀಪವನ್ನು ನಂಬದೆ ಬೇರೆ ದಾರಿಯಿಲ್ಲ ಎಂಬುದನ್ನು ಸಾಹೇಬರಿಗೆ ಕಣ್ಣಾರೆ ತೋರಿಸಬೇಕು. 

ಕಟ್ಟಿಕೊಟ್ಟವನು ಅಳಿಯ. ಅವನು ಏಳನೇ ಪಾಯಿಂಟಿಗೆ ಹೊಸ ಕೇಬಲ್ ಹಾಕಿದ, ಅದೇ ಯಾರ್ಡಿನ ಸಿಗ್ನಲ್ ವೈರ್‌ಮನ್. ಮಾವ ಕೇಳಿದಾಗ ಎರಡು ದಿನ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಪ್ಪಿದ ಮೇಲೆ ಮಾತ್ರ ಕಣ್ಣಿಗೊತ್ತಿಕೊಳ್ಳುವಂಥ ಕೆಲಸ. ಪ್ರತಿ ಪಾಯಿಂಟಿಗೂ ಎಡಕ್ಕೊಂದು ಕಟ್ಟು, ಬಲಕ್ಕೊಂದು ಕಟ್ಟು. ಒಂದೊಂದು ಕಟ್ಟಿನಲ್ಲಿ ಪಾಯಿಂಟನ್ನು ಎಳೆಯುವ ತಂತಿ ಒಂದು, ದೀಪಕ್ಕೆ ಸುದ್ದಿ ಒಯ್ಯುವ ತಂತಿ ಒಂದು. ಬೆಸುಗೆ ಸಾಸಿವೆ ಕಾಳಿನಷ್ಟು. ಒಂದೊಂದು ಮುಗಿದಾಗಲೂ, ಯಾರ್ಡಿನಲ್ಲಿ ಫೋನಿನಲ್ಲಿ ಹೇಳಿಕೊಳ್ಳುವ ರೂಢಿಯಂತೆ, ಮಾವ ಅಳಿಯ ಕೂಗಿಕೊಳ್ಳುತ್ತಿದ್ದರು. ಸ್ವಿಚ್ಚಿನ ಹತ್ತಿರ ಇರುವವನಿಗೆ ಪಾಯಿಂಟ್ ಕಾಣುವುದಿಲ್ಲ, ಆದ್ದರಿಂದ ಪಾಯಿಂಟಿನ ಹತ್ತಿರ ಇರುವವನು ಹಳಿಯನ್ನು ಕಣ್ಣಲ್ಲಿ ನೋಡಿಯೇ ಬಾಯಿ ಬಿಡಬೇಕು.

ಇವತ್ತು ಮತ್ತೊಮ್ಮೆ ಎಲ್ಲವನ್ನೂ ಕೂಗಿ ನೋಡಿದ್ದಾಯಿತು, ಒಂದರಿಂದ ಆರು, ಆಮೇಲೆ ಎಂಟು, ಒಂಬತ್ತು. ಏಳು ಮಾತ್ರ ಉಳಿದಿತ್ತು. ಒಂದು ಭಾನುವಾರ ಅದರ ಮೋಟರು ಬಿಸಿಯಾಗುತ್ತದೆ ಎಂದ. ಇನ್ನೊಂದು ಭಾನುವಾರ ತಲೆನೋವು.

"ಅಳಿಯಂದ್ರೇ, ಮುಖ್ಯವಾದ್ದೇ ಉಳಿಸ್ಕೊಂಡ್ರಲ್ಲ," ಎಂದರು ಅಪ್ಪ, ಒಂಬತ್ತರ ಕೂಗು ಮುಗಿದ ಮೇಲೆ. "ಪಾಯಸ ಕೊನೇಗೆ ಅಂತಾನಾ?"

"ಹಳದಿ ತಂತಿ ಖಾಲಿ ಆಗಿದೆ ಮಾವ. ತಂದುಬಿಡ್ತೀನಿ."

"ರೀ, ಭಾನುವಾರ ಯಾವ ಅಂಗಡಿ ತೆಗ್ದಿರುತ್ತೆ?"

"ಒಂದಾದ್ರೂ ತೆಗ್ದಿರುತ್ತೆ ಕಣೇ. ನೀನು ನಿನ್ನ ಜೇಬು ನೋಡ್ಕೋ, ಮತ್ತೆ ಬಲಗಡೆ ಹೋಗಿಬಿಟ್ಟಾವು."

ಅವಳು ಅಳತೆ ಟೇಪನ್ನು ಅವನತ್ತ ಎಸೆದಳು. ಅದು ಆ ಮನೆಯ ಹಳೇ ನಗು. ಒಮ್ಮೆ ಶಾಲೆಯ ಅರವತ್ತು ಅಂಗಿಗಳ ಆರ್ಡರಿನಲ್ಲಿ ಹನ್ನೆರಡಕ್ಕೆ ಬಲ ಎದೆಯ ಮೇಲೆ ಜೇಬು ಕೂರಿಸಿಬಿಟ್ಟಿದ್ದಳು. ಬಟ್ಟೆಯನ್ನು ಒಳಮೈ ಮೇಲೆ ಮಾಡಿ ಹಾಸಿ ಗುರುತು ಹಾಕಿದ್ದೇ ಕಾರಣ. ಒಳಮೈಯಲ್ಲಿ ಎಡ ಎನ್ನುವುದು ತಿರುಗಿಸಿದರೆ ಬಲ. ಅವುಗಳನ್ನು ಬಿಚ್ಚಿ ಹೊಲಿಯುವ ಅವಸರದಲ್ಲಿ ಮಷೀನು ಕೈಕೊಟ್ಟಿತ್ತು, ಅವಳು ಗಂಡನಿಗೆ ಮೂರು ಸಲ ಫೋನ್ ಮಾಡಿ ಕರೆಸಿಕೊಂಡಿದ್ದಳು. ಅಪಘಾತ ಆದದ್ದು ಆ ದಿನವೇ. ಅವನು ಮಷೀನಿನ ಕೆಳಗೆ ಮಲಗಿದ್ದಾಗಲೇ ಯಾರ್ಡಿನಿಂದ ಫೋನ್ ಬಂದು, ಎದ್ದುಬಿದ್ದು ಓಡಿದ್ದ.

ಗಂಡ ಹೊರಟುಹೋದ ಮೇಲೆ ಗುಡಿಸಲು ಬಗ್ಗಿದವಳಿಗೆ ಸ್ಟ್ಯಾಂಡಿನ ಕಾಲಿನ ಹಿಂದೆ ಹಳದಿ ತಂತಿಯ ಸುರುಳಿ ಸಿಕ್ಕಿತು. ಅರ್ಧಕ್ಕಿಂತ ಹೆಚ್ಚೇ ಇತ್ತು.

"ನೋಡಪ್ಪ, ಇಲ್ಲೇ ಇದೆ. ಈ ಮನುಷ್ಯನಿಗೆ ಕಣ್ಣೆದುರಿಗಿದ್ದದ್ದೇ ಕಾಣಲ್ಲ."

ಅಪ್ಪ ಸುರುಳಿಯನ್ನು ನೋಡಿದರು, ಗಡಿಯಾರ ನೋಡಿದರು. "ನಿನಗೆ ಬರುತ್ತಾ ಅದು?"

"ಎಂಟು ಪಾಯಿಂಟಿಗೆ ಬೆಳಕು ಹಿಡಿದಿದ್ದೀನಿ. ಗುಂಡಿ ಹಚ್ಚೋದಕ್ಕಿಂತ ಕಷ್ಟ ಏನಲ್ಲ."

ಗಂಡ ಬರೆದಿಟ್ಟ ನಕ್ಷೆಯ ಹಾಳೆ ಹಿಡಿದು ಅವಳು ಬಾಗಿಲಿನಡಿ ತೆವಳಿ ಅಂಗಾತ ಮಲಗಿದಳು. ಕೆಳಗೆ ಬೇರೆಯೇ ಊರು. ಮುಖದ ಮೇಲೆ ತಂತಿಗಳು ಬೇರಿನ ಹಾಗೆ ಜೋತಿದ್ದವು, ಬೆಸುಗೆಯ ಹೊಗೆ ಹೋಗಲು ದಾರಿಯಿಲ್ಲದೆ ಕಣ್ಣಿಗೇ ಬರುತ್ತಿತ್ತು. ನಕ್ಷೆಯಲ್ಲಿ ಎಡ ಎಂದಿದ್ದ ಕಟ್ಟನ್ನು ಎಡಕ್ಕೆ, ಬಲ ಎಂದಿದ್ದನ್ನು ಬಲಕ್ಕೆ ಸೇರಿಸಿ ಬೆಸೆದಳು. ಕಾದ ಸೀಸದ ಹನಿಯೊಂದು ಮಣಿಕಟ್ಟಿನ ಮೇಲೆ ಬಿತ್ತು.

"ಆಯ್ತೇನಮ್ಮ?"

"ಆಯ್ತು, ಹಾಕಿ."

"ಏಳು ನೇರ."

ತಲೆಯ ಮೇಲೆ ಟಕ್ ಎಂದಿತು. ಅವಳು ಮಣಿಕಟ್ಟನ್ನು ಬಾಯಿಗಿಟ್ಟು ಚೀಪುತ್ತಿದ್ದಳು. "ನೇರ ಅಪ್ಪ," ಎಂದಳು.

"ದೀಪಾನೂ ನೇರ," ಎಂದರು ಅಪ್ಪ. ಅವರ ದನಿಯಲ್ಲಿ ತಿಂಗಳುಗಟ್ಟಲೆ ಇಲ್ಲದ ಒಂದು ಹಗುರ. "ಒಂದ್ಸಲ ಗಾಡಿ ಬಿಡ್ತೀನಿ ಇರು. ಎರಡು ಹತ್ತರ ಗೂಡ್ಸು."

ಎಂಜಿನ್ನಿನ ಗುಂಯ್ ಸದ್ದು ಬಾಗಿಲಿನ ಆ ತುದಿಯಿಂದ ಹೊರಟು, ಹಲಗೆಯೊಳಗೆ ಹರಿದು, ಅವಳ ಹಣೆಯ ಮೇಲೆ ಹಾದು ಈ ತುದಿಗೆ ಬಂತು. ಆಮೇಲೆ ಒಂದು ಸಣ್ಣ ಸದ್ದು, ಬಳೆ ಬಳೆಗೆ ತಾಗಿದಷ್ಟು. ಗುಂಯ್ ಎನ್ನುವುದು ನಿಲ್ಲಲಿಲ್ಲ, ಒಂದೇ ಕಡೆ ನಿಂತು ಕೊರೆಯತೊಡಗಿತು. ಏನೋ ಉರುಳಿ ನೆಲಕ್ಕೆ ಬಿದ್ದು ಅವಳ ಕಿವಿಯ ಹತ್ತಿರ ಬಂದು ಮಲಗಿತು. ಬಿಳಿ ಗುಂಡಿ.

ಅವಳು ಹೊರಗೆ ಬಂದಾಗ ಅಪ್ಪ ಸ್ವಿಚ್ಚಿನ ಮೇಲೆ ಬೆರಳಿಟ್ಟೇ ನಿಂತಿದ್ದರು. ಸ್ವಿಚ್ಚು ನೇರಕ್ಕಿತ್ತು. ದೀಪ ನೇರ ಎಂದು ಹಸಿರಾಗಿ ಉರಿಯುತ್ತಿತ್ತು. ಎಂಜಿನ್ನು ಲೂಪಿನೊಳಗೆ, ಮಗುಚಿದ ವ್ಯಾಗನ್ನಿಗೆ ಮೂತಿ ಒತ್ತಿ, ಚಕ್ರ ತಿರುಗಿಸುತ್ತಲೇ ಇತ್ತು. ಅಪ್ಪ ನಿಂತ ಕಡೆಯಿಂದ ಕಾಣುತ್ತಿದ್ದದ್ದು ಪೌಡರ್ ಡಬ್ಬಿ ಮಾತ್ರ.

"ಹೀಗೇ," ಎಂದರು ಅಪ್ಪ, ತುಂಬ ಮೆಲ್ಲಗೆ. "ಹೀಗೇ ಇತ್ತು."

ಹೊಸ್ತಿಲಲ್ಲಿ ಗಂಡ ನಿಂತಿದ್ದ. ಕೈ ಖಾಲಿ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ನಕ್ಷೆ ಮೇಲಿಂದ ನೋಡಿ ಬರೆದದ್ದು, ಇವಳು ಅಡಿಯಿಂದ ಕಟ್ಟಿದ್ದಾಳೆ ಮಾವ, ಎಡ ಬಲ ಅದಲು ಬದಲಾಗಿದೆ. ಎರಡೂ ಕಟ್ಟು ಅದಲು ಬದಲಾದ್ರೆ ದೀಪಕ್ಕೂ ಗೊತ್ತಾಗಲ್ಲ," ಎಂದ. ಒಂದೇ ಉಸಿರಿಗೆ ಹೇಳಿ ಬಾಗಿಲಿನಡಿ ನುಗ್ಗಿದ. ಟಾರ್ಚು ಕೇಳಲಿಲ್ಲ, ನಕ್ಷೆ ಕೇಳಲಿಲ್ಲ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. "ಈಗ ಹಾಕಿ."

ಎಲ್ಲ ಸರಿಯಿತ್ತು. ಎಂಜಿನ್ನು ನೇರ ಹೋಯಿತು. ಯಾರು ಬಂದು ನೋಡಿದರೂ ತಂತಿಗಳು ತಮ್ಮ ತಮ್ಮ ಜಾಗದಲ್ಲಿದ್ದವು.

ಅಪ್ಪ ಅಳಿಯನನ್ನು ನೋಡಿದರು. ಏನೋ ಕೇಳುವವರಂತೆ ಬಾಯಿ ತೆರೆದರು. ಆಮೇಲೆ, "ಅವತ್ತು ನೀವು ನೇರ ಅಂದ್ರಲ್ಲ, ನಾನೇ ಕೇಳಿದ್ದೀನಿ," ಎಂದು ತಮಗೆ ತಾವೇ ಹೇಳಿಕೊಂಡು, ಕೈ ತೊಳೆಯಲು ಬಚ್ಚಲಿಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಲೇ ಇತ್ತು.

ಮಗಳು ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಿದ್ದಳು. ತಾನೂ ನೇರ ಎಂದಿದ್ದಳು. ಎಲ್ಲಿಂದ ಎಂದಳೆಂಬುದು ಈಗ ನೆನಪಾಗುತ್ತಿತ್ತು. ಅದರ ಹಿಂದೆಯೇ ಇನ್ನೊಂದು ನೆನಪಾಯಿತು. ಆ ದಿನ ಒಂದೂವರೆಗೆ, ಇದೇ ಹೊಸ್ತಿಲಲ್ಲಿ ಗಂಡ ಒಂದು ಕಾಲಿನ ಚಪ್ಪಲಿ ಬಿಡುತ್ತಾ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಏನೋ ಹೇಳುತ್ತಿದ್ದ. ಅವಳು ಬಿಚ್ಚಿದ ಜೇಬುಗಳ ರಾಶಿಯ ನಡುವೆ ಕೂತು ಕೇಳಿದ್ದಳು. ಯಾರಿಗೋ ದಾರಿ ಹೇಳುತ್ತಿದ್ದಾನೆ ಅಂದುಕೊಂಡಿದ್ದಳು.

"ಅವತ್ತು ಚಪ್ಪಲಿ ಬಿಡ್ತಾ ಫೋನಲ್ಲಿ ನೇರ ಅಂದ್ರಿ," ಎಂದಳು.

ಗಂಡ ಮಗುಚಿದ ವ್ಯಾಗನ್ನನ್ನು ಎತ್ತಿ ಹಳಿಯ ಮೇಲೆ ಕೂರಿಸುತ್ತಿದ್ದ. ಚಕ್ರ ಕೂರಲಿಲ್ಲ. ಮತ್ತೆ ಎತ್ತಿದ.

"ನೀನು ಮೂರು ಸಲ ಫೋನ್ ಮಾಡಿದ್ದೆ," ಎಂದ.

ಬಚ್ಚಲಲ್ಲಿ ನೀರು ಬೀಳುತ್ತಿತ್ತು.

"ಯಾರ್ಡಿಗೆ ಓಡಿದವರು ಮೊದಲು ಏಳರ ತಂತಿ ಪೆಟ್ಟಿಗೆ ತೆಗೆದು ಕಟ್ಟು ಸರಿ ಮಾಡಿದ್ರಿ, ಅಲ್ವಾ? ಅರ್ಧ ನಿಮಿಷ."

"ಮಾವನಿಗೆ ಇನ್ನು ಎರಡು ವರ್ಷ ಸರ್ವೀಸು," ಎಂದ ಅವನು, ದನಿ ತಗ್ಗಿಸಿ. "ನನಗೆ ಇಪ್ಪತ್ತೈದು. ನೀನೇ ಹೇಳು."

ವ್ಯಾಗನ್ನು ಕೂತಿತು. ಅವನು ಅವಳ ಮುಂದೆ ಅಂಗೈ ಚಾಚಿದ, ಗುಂಡಿಗಾಗಿ. ಅವಳು ಕೊಡಲಿಲ್ಲ.

ಸಂಜೆ ಗಂಡ ಟೆಂಪೋದವನನ್ನು ನೋಡಿಬರಲು ಹೋದ. ಅಪ್ಪ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಿದ್ದೆ ಇಲ್ಲವೆಂದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ಮಗಳು ಯಂತ್ರದಿಂದ ಸಮವಸ್ತ್ರದ ನೀಲಿ ದಾರದ ಉರುಳೆ ತೆಗೆದುಕೊಂಡು ಬಾಗಿಲಿನಡಿ ತೆವಳಿದಳು. ಬೆಸುಗೆ ಕಡ್ಡಿ ಕಾಯುವವರೆಗೆ ಸುಮ್ಮನೆ ಮಲಗಿದ್ದಳು. ಈ ಸಲ ಕೈ ಎಡ ಬಲ ಮರೆಯಲಿಲ್ಲ. ಏಳರ ಎರಡು ಕಟ್ಟನ್ನೂ ಬಿಡಿಸಿ, ಸಾಹೇಬರ ಕಣ್ಣೆದುರೇ ದೀಪ ಸುಳ್ಳು ಹೇಳುವಂತೆ, ಮತ್ತೆ ತಪ್ಪು ಜಾಗಗಳಿಗೇ ಬೆಸೆದು, ಅಲುಗಾಡದ ಹಾಗೆ ದಾರ ಸುತ್ತಿ ಗುಂಡಿ ಹಚ್ಚುವಾಗ ಹಾಕುವ ಗಂಟು ಹಾಕಿದಳು. ಹಲ್ಲಿಗೆ ಎಟುಕಲಿಲ್ಲವಾದ್ದರಿಂದ ದಾರದ ತುದಿ ಗೇಣುದ್ದ ಹಾಗೇ ಉಳಿಯಿತು.

ಬೆಳಿಗ್ಗೆ ಒಂಬತ್ತಕ್ಕೆ ಟೆಂಪೋ ಹಾರ್ನ್ ಹೊಡೆಯಿತು. ಅಪ್ಪ ಇಸ್ತ್ರಿಯ ಅಂಗಿ ಹಾಕಿ, ಒಂದು ಗಂಟೆ ಮೊದಲೇ ಬೂಟು ಕಟ್ಟಿ ಕೂತಿದ್ದರು.

"ತಂತಿ ಎಲ್ಲಾದ್ರೂ ಸಿಕ್ಕೊಂಡೀತು, ಒಂದ್ಸಲ ನೋಡ್ತೀನಿ," ಎಂದು ಗಂಡ ಕಟ್ಟರ್ ಹಿಡಿದು ಅಡಿಗೆ ಹೋದ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಪಾದ ಮಾತ್ರ. ಮೊದಲು ಅವು ಅಲುಗಾಡುತ್ತಿದ್ದವು, ಆಮೇಲೆ ನಿಂತವು. ಮಗಳು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಆ ಪಾದಗಳನ್ನೇ ನೋಡುತ್ತಿದ್ದಳು. ಟೆಂಪೋ ಮತ್ತೆ ಹಾರ್ನ್ ಹೊಡೆಯಿತು.

"ಏನಾಯ್ತು ಅಳಿಯಂದ್ರೇ?" ಎಂದರು ಅಪ್ಪ.

ಗಂಡ ಹೊರಗೆ ಬಂದ. ಅಂಗಿಯ ಬೆನ್ನಿಗೆ ಧೂಳು ಹತ್ತಿತ್ತು. ಕಟ್ಟರನ್ನು ಒಮ್ಮೆ ನೋಡಿ ಜೇಬಿಗೆ ಹಾಕಿದ, ಹೆಂಡತಿಯ ಕಡೆ ನೋಡಲಿಲ್ಲ.

"ಹಿಡ್ಕೊಳ್ಳಿ ಮಾವ," ಎಂದ. "ಮೆಲ್ಲಗೆ."

ಮುಂದೆ ಅಪ್ಪ, ಹಿಂದೆ ಅಳಿಯ, ನಡುವೆ ಇಡೀ ಯಾರ್ಡನ್ನು ಹೊತ್ತ ಬಾಗಿಲು. ಅವರು ಒಂದೊಂದೇ ಮೆಟ್ಟಿಲು ಕೇಳಿಕೊಂಡು, ಹೇಳಿಕೊಂಡು ಇಳಿದರು. ಮಗಳು ಮೇಲೆ ನಿಂತು ನೋಡುತ್ತಿದ್ದಳು. ಬಾಗಿಲಿನ ಅಡಿಯಿಂದ ನೀಲಿ ದಾರದ ತುದಿಯೊಂದು ಇಳಿಬಿದ್ದು, ಪ್ರತಿ ಮೆಟ್ಟಿಲಿಗೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಾ ಹೋಯಿತು.