ಇಬ್ರಾಹಿಮನ ನಾಳೆ

ಚಿಕ್ಕೋಡಿಗೂ ನಿಪ್ಪಾಣಿಗೂ ನಡುವೆ ಇರುವ ಆ ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿಯವರಿಗೆ ಸಿಟ್ಟು ಬರುತ್ತದೆ, ಹೇಳದಿದ್ದರೆ ಅಕ್ಕಪಕ್ಕದ ನಾಲ್ಕು ಊರಿನವರು ತಮ್ಮದೇ ಇರಬೇಕೆಂದು ಸುಮ್ಮನಾಗುತ್ತಾರೆ. ಊರು ಬೆಳೆದದ್ದಂತೂ ಎಲ್ಲರ ಕಣ್ಣೆದುರಿಗೇ. ಮೊದಲು ತಂಬಾಕಿನ ವಖಾರಿಗಳು ಬಂದವು, ಆಮೇಲೆ ಪಾವರ್‌ಲೂಮು, ಅದರ ಹಿಂದೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳು. ದುಡಿಯುವವರು ಅಲಖನೂರಿನಿಂದ ಬಂದರು, ದಿಗ್ಗೇವಾಡಿಯಿಂದ ಬಂದರು, ಗಡಿಯಾಚೆಯಿಂದಲೂ ಬಂದರು. ನೀರೊಂದು ಬರಲಿಲ್ಲ.

ಬರಲಿಲ್ಲ ಅಂದರೆ ಪಾಪ ಬರುತ್ತದೆ. ಬಂತು, ಆದರೆ ಯಾವಾಗಲೂ ತಡವಾಗಿ ಬಂತು. ಊರಿನಲ್ಲಿ ಐದು ಸಾವಿರ ಜನರಿದ್ದಾಗ ಎರಡು ಸಾವಿರ ಜನರಿಗೆಂದು ತೋಡಿದ ಬಾವಿ ಇತ್ತು. ಇಪ್ಪತ್ತು ಸಾವಿರ ಆದ ಮೇಲೆ ಐದು ಸಾವಿರದ ಕೆರೆ ಸಿದ್ಧವಾಯಿತು. ಐವತ್ತು ಸಾವಿರ ದಾಟಿದ ಮೇಲೆ ಇಪ್ಪತ್ತು ಸಾವಿರಕ್ಕೆ ಸಾಕಾಗುವಷ್ಟು ದಪ್ಪದ ಪೈಪು ನದಿಯಿಂದ ತೆವಳಿಕೊಂಡು ಬಂದು ಮುಟ್ಟಿತು. ಪ್ರತಿಸಲವೂ ಪೂಜೆ ಮಾಡಿ, ಪೇಢೆ ಹಂಚಿ, ನೀರು ತುಂಬಿಡುವ ಹಳೇ ಟಾಕಿಯ ಗೋಡೆಗೆ ಒಂದು ಕಲ್ಲಿನ ಫಲಕ ಹಚ್ಚಿದರು. ಹೀಗೆ ಮೂರು ಫಲಕಗಳಾದವು. ಮೂರರಲ್ಲೂ ಈ ಊರಿನ ನೀರಿನ ಬವಣೆ ಶಾಶ್ವತವಾಗಿ ನೀಗಿತು ಎಂದು ಕೆತ್ತಿದೆ.

ಆ ಫಲಕಗಳ ಕೆಳಗೆ ಮೂವತ್ತೊಂದು ವರ್ಷದಿಂದ ಚಾವಿ ಹಿಡಿದು ಕೂತವನು ಇಬ್ರಾಹಿಮ. ಅವನ ಚಾವಿ ಎಂದರೆ ಎದೆಮಟ್ಟದ ಕಬ್ಬಿಣದ ಸರಳು. ನೆಲದೊಳಗಿನ ವಾಲ್ವಿನ ತಲೆಗೆ ಸಿಕ್ಕಿಸಿ ತಿರುಗಿಸಿದರೆ ಒಂದು ಗಲ್ಲಿಗೆ ನೀರು ಹೋಗುತ್ತದೆ, ಇನ್ನೊಂದು ಗಲ್ಲಿಗೆ ನಿಲ್ಲುತ್ತದೆ. ಒಂದೊಂದು ಗಲ್ಲಿಗೆ ಎಂಟು ದಿನಕ್ಕೊಮ್ಮೆ ಪಾಳಿ. ಮನೆಯಲ್ಲಿ ಲಗ್ನ ಕೂಡಿಬಂದರೆ ಜನ ಮುಹೂರ್ತ ಕೇಳುವ ಮೊದಲು ಇಬ್ರಾಹಿಮನ ಹತ್ತಿರ ಬಂದು ಪಾಳಿ ಕೇಳುತ್ತಿದ್ದರು. ಇಷ್ಟು ಮರ್ಯಾದೆಯ ಮನುಷ್ಯ ಇನ್ನೂ ದಿನಗೂಲಿಯವನೇ. ಬಂದ ಅಧಿಕಾರಿಗಳೆಲ್ಲ ಅವನನ್ನು ಕಾಯಂ ಮಾಡುತ್ತೇವೆಂದು ಹೇಳಿದರು, ಹೇಳಿ ವರ್ಗವಾಗಿ ಹೋದರು. ಅರವತ್ತಕ್ಕೆ ಇನ್ನೆರಡೇ ವರ್ಷ ಉಳಿದಿತ್ತು. ಅಷ್ಟರೊಳಗೆ ಒಂದು ದಿನವಾದರೂ ಕಾಯಂ ನೌಕರನಾಗಿ ಸಹಿ ಮಾಡಬೇಕು ಎಂಬುದೊಂದೇ ಅವನ ಆಸೆಯಾಗಿತ್ತು.

ಅವನಿಗೆ ಒಂದು ಚಟವಿತ್ತು. ನೀರು ಯಾವಾಗ ಎಂದು ಯಾರು ಕೇಳಿದರೂ "ನಾಳೆ ಬರ್ತೈತಿ" ಎನ್ನುವುದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಹೀಗಿರಲಿಲ್ಲ. ಆಗ ಒಮ್ಮೆ ಪಂಪು ಸುಟ್ಟಾಗ ಐದು ದಿನ ಆಗುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಗುಂಪಿನಿಂದ ಒಂದು ಹಿತ್ತಾಳೆಯ ಕೊಡ ಹಾರಿ ಬಂತು. ಅದರ ಗುರುತು ಹಣೆಯ ಮೇಲೆ ಇವತ್ತಿಗೂ ಇದೆ. ಗಾಯಕ್ಕೆ ಅರಿಶಿನ ಒತ್ತುತ್ತ ಆಗಿನ ಮೇಸ್ತ್ರಿ ಮಾಯಪ್ಪ ಬುದ್ಧಿ ಹೇಳಿದ್ದ: ನಾಳೆ ಅನ್ನು, ನಾಳೆ ಅಂದವನನ್ನು ಯಾರೂ ಹೊಡೆಯುವುದಿಲ್ಲ. ಅಂದಿನಿಂದ ಇಬ್ರಾಹಿಮನಿಗೆ ಒಂದು ಪೆಟ್ಟೂ ಬಿದ್ದಿಲ್ಲ.

ಜನರೇನು ದಡ್ಡರಲ್ಲ. ಅವನ ನಾಳೆಯನ್ನು ಬಿಡಿಸಿ ಓದುವುದನ್ನು ಕಲಿತುಕೊಂಡರು. ಮಗ್ಗದ ಗಲ್ಲಿಯ ಶಿವಗಂಗವ್ವ ಎಂಬ ಮುದುಕಿ ಈ ವಿದ್ಯೆಯಲ್ಲಿ ಪಂಡಿತೆ. ಇಬ್ರಾಹಿಮ ನೆಲ ನೋಡಿ ನಾಳೆ ಅಂದರೆ ನಾಲ್ಕು ದಿನ. ಆಕಾಶ ನೋಡಿ ಅಂದರೆ ಎಂಟು ದಿನ. ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ನಗುನಗುತ್ತ ನಾಳೆ ಅಂದನೋ, ದೊಡ್ಡ ಪೈಪೇ ಒಡೆದಿದೆ, ಸೊಸೆಯನ್ನು ಮಕ್ಕಳ ಸಮೇತ ತವರಿಗೆ ಕಳಿಸುವುದು ಒಳ್ಳೆಯದು. ಆಕೆಯ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಇಡೀ ಗಲ್ಲಿ ಆಕೆಯ ಬಾಯಿ ನೋಡಿಕೊಂಡು ಬ್ಯಾರಲ್ಲು ತುಂಬುತ್ತಿತ್ತು.

ಹೀಗಿರುವಾಗ ನಾಲ್ಕನೆಯ ಯೋಜನೆ ಬಂತು. ಈ ಸಲ ಇಪ್ಪತ್ನಾಲ್ಕು ತಾಸೂ ನೀರು. ಆಕಾಶದೆತ್ತರ ಟಾಕಿ ಕಟ್ಟಿದರು, ಮನೆಮನೆಗೆ ಹೊಸ ನಳ ಕೂರಿಸಿದರು. ಕೆಲಸದ ಉಸ್ತುವಾರಿಗೆ ಅಮೋಲ ಎಂಬ ಹುಡುಗುವಯಸ್ಸಿನ ಎಂಜಿನಿಯರ್ ಬಂದ. ಟಾಕಿಯಲ್ಲಿ ಎಷ್ಟು ನೀರಿದೆ ಎಂಬುದು ಅವನ ಮೊಬೈಲಿನಲ್ಲೇ ಕಾಣುತ್ತಿತ್ತು. ಹಳೇ ಪೈಪುಗಳು ಎಲ್ಲೆಲ್ಲಿ ಹಾದುಹೋಗಿವೆ ಎಂಬುದು ಮಾತ್ರ ಮೊಬೈಲಿಗೂ ಗೊತ್ತಿರಲಿಲ್ಲ, ಕಚೇರಿಯ ಕಪಾಟಿಗೂ ಗೊತ್ತಿರಲಿಲ್ಲ. ಇಬ್ರಾಹಿಮ ಊರೆಲ್ಲ ನಡೆದು, ಚಾವಿಯಿಂದ ನೆಲ ಕುಟ್ಟಿ ಕುಟ್ಟಿ ತೋರಿಸಿದ. ಅಮೋಲನಿಗೆ ಅವನ ಮೇಲೆ ನಿಜವಾಗಿ ಪ್ರೀತಿ ಹುಟ್ಟಿತು. ಉದ್ಘಾಟನೆಗೆ ಮೂರು ದಿನವಿರುವಾಗ ಅವನನ್ನು ಕೂಡಿಸಿಕೊಂಡು ಚಹಾ ಕುಡಿಸಿದ.

"ಚಾಚಾ, ಎರಡ ವಾರ ಟ್ರಾಯಲ್ ಐತ್ರಿ. ಟಾಕಿ ಒಂದ ದಿನಾನೂ ಖಾಲಿ ಆಗಬಾರ್ದು. ಮಂದಿ ನೀರ ಕೂಡಿಡೂದು ಬಿಟ್ರ ಸಾಕು. ನಾಳೆನೂ ಬರ್ತೈತಿ ಅಂತ ನೀವು ಮನಿಮನಿಗೆ ಹೋಗಿ ಹೇಳ್ರಿ. ನಿಮ್ಮನ್ನ ಎಲ್ಲಾರೂ ಬಲ್ಲರು. ಟ್ರಾಯಲ್ ಪಾಸ್ ಆತಂದ್ರ ಹೊಸ ಟಾಕಿಗೆ ನೀವ ಕಾಯಂ."

ಇಬ್ರಾಹಿಮ ಚಹಾದ ಲೋಟ ಕೆಳಗಿಟ್ಟು ತಲೆಯಾಡಿಸಿದ. ಎಂಥ ಸುಲಭದ ಕೆಲಸ! ಮೂವತ್ತೊಂದು ವರ್ಷದಿಂದ ಹೇಳುತ್ತ ಬಂದ ಮಾತನ್ನೇ ಹೇಳಬೇಕು, ಅದೂ ಈ ಸಲ ನಿಜವಾಗಿ.

ಸೋಮವಾರ ಉದ್ಘಾಟನೆಯಾಯಿತು. ಹಳೇ ಟಾಕಿಯ ಗೋಡೆಗೆ ನಾಲ್ಕನೆಯ ಫಲಕ ಏರಿತು. ನಳ ತಿರುವಿದರೆ ನೀರು ಬಂತು. ಊರು ಹಂಡೆ, ಕೊಡ, ಬ್ಯಾರಲ್ಲು, ಚರಿಗೆ, ಕೊನೆಗೆ ಹಿಟ್ಟು ಕಲಸುವ ಬೋಗುಣಿಯನ್ನೂ ತುಂಬಿಕೊಂಡಿತು. ಇದು ಅಮೋಲ ಮೊದಲೇ ಊಹಿಸಿದ್ದೇ. ಒಂದು ದಿನ ತುಂಬುತ್ತಾರೆ, ಮರುದಿನ ತುಂಬಲು ಪಾತ್ರೆಯೇ ಇರುವುದಿಲ್ಲ ಎಂದು ಅವನು ಅಂದುಕೊಂಡಿದ್ದ.

ಅವನು ಓದಿದ್ದು ಬೇರೆ ಊರಿನಲ್ಲಿ. ಈ ಊರಿನ ಒಂದು ಪದ್ಧತಿ ಅವನಿಗೆ ಗೊತ್ತಿರಲಿಲ್ಲ. ಹೊಸ ನೀರು ಬಂದರೆ ಇಲ್ಲಿ ಹಳೇ ನೀರನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕನ್ನಡದವರು ಅದನ್ನು ಹಳೇ ನೀರು ಎನ್ನುತ್ತಾರೆ, ಮರಾಠಿಯವರು ಶಿಳಂ ಪಾಣಿ ಎನ್ನುತ್ತಾರೆ, ಇಬ್ಬರೂ ಒಂದೇ ಗಟಾರಕ್ಕೆ ಚೆಲ್ಲುತ್ತಾರೆ. ಎಂಟು ದಿನಕ್ಕೊಮ್ಮೆ ನೀರು ಬರುವಾಗ ತಳದಲ್ಲಿ ಉಳಿದ ಎರಡು ತಂಬಿಗೆ ಚೆಲ್ಲಿದರೆ ಆಯಿತು. ಮಂಗಳವಾರ ಬೆಳಿಗ್ಗೆ ನಳ ತಿರುವಿದರೆ ಮತ್ತೆ ಹೊಸ ನೀರು ಬಂತು. ಸೋಮವಾರದ ನೀರೆಲ್ಲ ಒಂದೇ ರಾತ್ರಿಯಲ್ಲಿ ಹಳತಾಗಿಹೋಗಿತ್ತು. ಊರು ಹಂಡೆ, ಕೊಡ, ಬ್ಯಾರಲ್ಲುಗಳನ್ನು ಬುಡಮೇಲು ಮಾಡಿ, ತಿಕ್ಕಿ ತೊಳೆದು, ಮತ್ತೆ ತುಂಬಿತು. ಗಟಾರಗಳು ಹಳ್ಳದ ಹಾಗೆ ಹರಿದವು. ಫೌಂಡ್ರಿಗೆ ಹೊರಟವರು ಪ್ಯಾಂಟು ಮಡಚಿಕೊಂಡು ರಸ್ತೆ ದಾಟಿದರು.

ಇಬ್ರಾಹಿಮ ಮನೆಮನೆಗೆ ಓಡಿದ. ಮಗ್ಗದ ಗಲ್ಲಿಯಲ್ಲಿ ಶಿವಗಂಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವನು ಆಕೆಯ ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಕೈಮುಗಿದು, ನಗುತ್ತ ಹೇಳಿದ: "ಅವ್ವಾ, ನೀರ ಚೆಲ್ಲಬ್ಯಾಡ್ರಿ. ನಾಳೆ ಬರ್ತೈತಿ. ನಾಡದನೂ ಬರ್ತೈತಿ. ದಿನಾ ಬರ್ತೈತಿ."

ಮುದುಕಿ ಅವನ ಮುಖವನ್ನೇ ನೋಡಿದಳು. ಆಗಲಿ ತಮ್ಮಾ ಎಂದು ಮೆತ್ತಗೆ ಹೇಳಿ ಅವನನ್ನು ಕಳಿಸಿದಳು. ಅವನು ಗಲ್ಲಿ ದಾಟುವುದೇ ತಡ, ಹೆಂಗಸರನ್ನೆಲ್ಲ ಕರೆದಳು. "ಮೂವತ್ತ ವರ್ಷದಾಗ ಅಂವ ಕೈಮುಗದ ಹೇಳಿದ್ದು ನಾ ನೋಡಿಲ್ಲ. ಮೂರ ಸಲ ಬ್ಯಾರೆ ಹೇಳ್ಯಾನ. ಒಂದ ತಿಂಗಳ ನೀರ ಇಲ್ಲ, ಬರಕೊಳ್ರಿ." ಆ ಮಧ್ಯಾಹ್ನವೇ ಪೇಟೆಯಲ್ಲಿ ಇದ್ದಬದ್ದ ಪ್ಲಾಸ್ಟಿಕ್ ಬ್ಯಾರಲ್ಲುಗಳೆಲ್ಲ ಖರ್ಚಾದವು.

ಅವನು ಎಷ್ಟು ಬೇಡಿಕೊಂಡನೋ ಊರು ಅಷ್ಟು ತುಂಬಿತು, ಎಷ್ಟು ತುಂಬಿತೋ ಮರುದಿನ ಅಷ್ಟು ಚೆಲ್ಲಿತು. ಬುಧವಾರ ಅವನು ದೇವರ ಆಣೆ ಇಟ್ಟ. ಆಣೆ ಬೇರೆ ಇಟ್ಟನೆಂದು ಜನ ನೆಂಟರಿಂದ ಹಂಡೆ ಕಡ ತಂದರು. ಗುರುವಾರ ಅಮೋಲ ಮೊಬೈಲು ತೋರಿಸಿದ. ಟಾಕಿಯ ನೀರು ಮೊಣಕಾಲುದ್ದಕ್ಕೆ ಇಳಿದಿತ್ತು. ಇಬ್ರಾಹಿಮ ಸೋತು ಮನೆಗೆ ಬಂದರೆ ಹೆಂಡತಿ ದಾವಲಬಿ ಅಂಗಳದಲ್ಲಿ ಬ್ಯಾರಲ್ಲು ಮಗುಚುತ್ತಿದ್ದಳು.

ಅವನು ಅವಳ ಕೈ ತಡೆದ. ಊರವರು ಹಾಳಾಗಲಿ, ನೀನಾದರೂ ನನ್ನ ಮಾತು ನಂಬಬಾರದೇ ಎಂದು ಕೇಳಿದ.

ದಾವಲಬಿ ಕರೋಶಿಯ ಹೆಣ್ಣು, ಮಾತು ತೂಗಿ ಆಡುವವಳು. "ನನ್ನ ಮದುವಿ ಆದ ವರ್ಷ ಹೇಳಿದ್ರಿ, ನಾಳೆ ಕಾಯಂ ಆಕ್ಕೇನಿ ಅಂತ. ಈಗ ಮೊಮ್ಮಕ್ಕಳು ಸಾಲಿಗೆ ಹೊಂಟಾವು. ನಿಮ್ಮ ನಾಳೆ ಮ್ಯಾಲೆ ಸಿಟ್ಟಿಲ್ರಿ ನನಗ. ಆದ್ರ ಅದನ್ನ ನಂಬಿ ಬ್ಯಾರಲ್ ಖಾಲಿ ಇಡೂದು ಹ್ಯಾಂಗ?"

ಇಬ್ರಾಹಿಮ ಬ್ಯಾರಲ್ಲಿನ ಇನ್ನೊಂದು ಬದಿಗೆ ಕೈ ಹಾಕಿ ಮಗುಚಲು ನೆರವಾದ.

ಶುಕ್ರವಾರ ಬೆಳಿಗ್ಗೆ ನಳಗಳು ಎರಡು ಸಲ ಕೆಮ್ಮಿ, ಗಾಳಿ ಉಗುಳಿ ಸುಮ್ಮನಾದವು. ಊರಿಗೆ ದುಃಖವೇನೂ ಆಗಲಿಲ್ಲ. ಶಿವಗಂಗವ್ವ ಹೇಳಿದ್ದೇ ಖರೆಯಾಯಿತು ಎಂಬ ಹೆಮ್ಮೆಯೇ ಎಲ್ಲರ ಮುಖದಲ್ಲಿ ಕಂಡಿತು. ಕಚೇರಿಯಿಂದ ಮತ್ತೆ ಎಂಟು ದಿನದ ಪಾಳಿಯ ಆದೇಶ ಹೊರಟಿತು. ನಾಲ್ಕನೆಯ ಫಲಕವನ್ನು ಯಾರೂ ತೆಗೆಯಲಿಲ್ಲ. ಕೆತ್ತಿದ್ದು ಚೆನ್ನಾಗಿತ್ತು.

ಮರುವಾರ ಅಮೋಲ ಹೊರಟುನಿಂತ. ಚೀಲ ಜೀಪಿಗೆ ಹಾಕಿ, ಇಬ್ರಾಹಿಮನ ಕೈ ಹಿಡಿದುಕೊಂಡ. "ಚಾಚಾ, ನಿಮ್ಮ ಫೈಲ್ ಮ್ಯಾಲೆ ಕಳಿಸೀನ್ರಿ. ಇವತ್ತಲ್ಲ ನಾಳೆ, ಕಾಯಂ ಆಗೇ ಆಗ್ತೈತಿ." ಹೇಳುವಾಗ ಅವನ ಕಣ್ಣು ತನ್ನ ಬೂಟಿನ ಮೇಲಿತ್ತು.

ಇಬ್ರಾಹಿಮ ಮೂಲೆಯಲ್ಲಿಟ್ಟ ಚಾವಿ ಎತ್ತಿಕೊಂಡು ಮಗ್ಗದ ಗಲ್ಲಿಯ ಮೇಲೆ ಹಾದು ಹೋದ. ಶಿವಗಂಗವ್ವ ಕಟ್ಟೆಯಿಂದಲೇ ನೀರು ಯಾವಾಗ ಎಂದು ಕೇಳಿದಳು. ಅವನು ನೆಲ ನೋಡುತ್ತ ನಾಳೆ ಬರುತ್ತದೆ ಎಂದ. ಮುದುಕಿಗೆ ಎದೆ ತಂಪಾಯಿತು. ನಾಲ್ಕು ದಿನ ಎಂದು ಗಲ್ಲಿಗೆಲ್ಲ ಕೂಗಿ ಹೇಳಿದಳು. ಹೆಂಗಸರು ಬ್ಯಾರಲ್ಲುಗಳಿಗೆ ಮುಚ್ಚಳ ಹಾಕಿದರು. ಅವತ್ತು ಗಟಾರಕ್ಕೆ ಒಂದು ಹನಿಯೂ ಬೀಳಲಿಲ್ಲ.

ಮನೆಯಲ್ಲಿ ದಾವಲಬಿ, ಸಾಹೇಬರು ಹೋಗುವಾಗ ಏನು ಹೇಳಿದರು ಎಂದು ಕೇಳಿದಳು.

"ನಾಳೆ ಅಂದ್ರು," ಎಂದ ಇಬ್ರಾಹಿಮ.

"ಎಲ್ಲಿ ನೋಡಿ ಅಂದ್ರು?"

"ಬೂಟ ನೋಡಿ."

ದಾವಲಬಿ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಮುಂದೆ ಇಟ್ಟಳು. ವಾರದ ಹಿಂದಿನ ಹಳೇ ನೀರು. ಇಬ್ರಾಹಿಮ ಎತ್ತಿ ಕುಡಿದ, ಒಂದು ಹನಿಯನ್ನೂ ಬಿಡಲಿಲ್ಲ.