ಮೂವತ್ತೆಂಟು ಹೆಜ್ಜೆಯ ಪಡಸಾಲೆ

ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಬಯಲಿಗೆ ರೋಹಿಣಿ ಕಾರು ತಿರುಗಿಸಿದಾಗ ಬೆಳಗಿನ ಏಳೂವರೆ. ಸೂರ್ಯ ನೇರ ಎದುರಿಗಿದ್ದ. ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಕೂತಿದ್ದ ಥರ್ಮಾಕೋಲಿನ ಮಾದರಿ ಕಟ್ಟಡ ಎಲ್ಲಿ ಅಲುಗೀತೋ ಎಂದು ಅವಳ ಒಂದು ಕೈ ಅದರ ಮೇಲಿತ್ತು. ಯಾರೋ "ಏಯ್! ಏಯ್!" ಎಂದು ಕೂಗಿದರು. ಅವಳು ಬ್ರೇಕು ಒತ್ತುವ ಹೊತ್ತಿಗೆ ಕಾರಿನ ಮೂತಿಯ ತುಂಬ ಕೆಂಪು ನೂಲು ಜೋತುಬಿದ್ದಿತ್ತು.

ಬಯಲಿನ ಈ ತುದಿಯಿಂದ ಆ ತುದಿಗೆ ನೇಕಾರರು ಸೀರೆಯ ಹಾಸು ಎಳೆದು ಕಟ್ಟಿದ್ದರು. ಮಗ್ಗಕ್ಕೆ ಏರಿಸುವ ಮುಂಚೆ ಉದ್ದದ ಎಳೆಗಳನ್ನೆಲ್ಲ ಹೀಗೆ ಬಿಗಿಯಾಗಿ ಹಿಡಿದು, ಗಂಜಿ ಸವರಿ, ಒಂದಕ್ಕೊಂದು ಅಂಟದಂತೆ ಬಿಡಿಸಿ ಒಣಗಿಸಬೇಕು. ಸಾವಿರಾರು ಎಳೆ, ಸೊಂಟದ ಎತ್ತರ. ಎದುರು ಬಿಸಿಲಿಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ.

ಕಚ್ಚೆ ಬಿಗಿದುಟ್ಟ ಅರವತ್ತರ ಹೆಂಗಸೊಬ್ಬಳು ಕಾರಿನ ಮುಂದೆ ಬಂದು ನಿಂತಳು. ಶಿವಲಿಂಗವ್ವ ಎಂದರೆ ನೇಕಾರರ ಓಣಿಯ ಐವತ್ತು ಮನೆಗೂ ಗೊತ್ತಿದ್ದವಳು. ಅವಳ ದನಿ ನೂರು ಮನೆಗೆ ಗೊತ್ತು.

"ಕಣ್ಣ ಎಲ್ಲಿಟ್ಟಿದ್ದಿ ಯವ್ವಾ?"

"ತಪ್ಪಾತ್ರಿ, ಖರೇನ ಕಾಣಲಿಲ್ಲ," ರೋಹಿಣಿ ಗಡಬಡಿಸಿ ಇಳಿದು ಪರ್ಸು ತೆಗೆದಳು. "ಎಷ್ಟ್ ಆಗತೈತಿ ಹೇಳ್ರಿ, ಕೊಡ್ತೇನಿ."

"ರೊಕ್ಕ ಬಂದು ಗಂಟು ಹಾಕತೈತೇನು? ಕುಂದರು ಕೆಳಗ."

ರೋಹಿಣಿ ಕೂತಳು. ಶಿವಲಿಂಗವ್ವನ ಪಕ್ಕದ ಮನೆಯ ಅಬೇದಾ ಹಾಸಿನ ಬಿಗಿ ಸಡಿಲಿಸಿ, ಹರಿದ ಎಳೆಗಳನ್ನು ಗುಂಪು ಮಾಡಿ, ಒಂದು ಹಿಡಿಯಷ್ಟನ್ನು ಅವಳ ಬೆರಳಿಗೆ ಕೊಟ್ಟಳು. ಎರಡು ತುದಿ ಸೇರಿಸಿ, ಹೊಸೆದು, ಸಣ್ಣ ಗಂಟು. ನೋಡಲು ಸುಲಭ. ರೋಹಿಣಿಯ ಮೊದಲ ಹತ್ತು ಗಂಟುಗಳನ್ನು ಶಿವಲಿಂಗವ್ವ ಬಾಯಿ ಬಿಡದೆ ಕತ್ತರಿಸಿ ಹಾಕಿದಳು. ಹನ್ನೊಂದನೆಯದಕ್ಕೆ ಹೇಳಿದಳು: "ದಪ್ಪ ಆದ್ರ ಮಗ್ಗದ ಹಣಗಿ ಹಲ್ಲಿನ್ಯಾಗ ತೂರಂಗಿಲ್ಲ. ಕಾಳಿನಂಗ ಬ್ಯಾಡ, ಎಳ್ಳಿನಂಗ ಇರಬೇಕು."

ರೋಹಿಣಿಗೆ ಮೂವತ್ತಮೂರು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಯೇ ಅವಳ ಆಫೀಸು. ಮನೆಗಳ ನಕ್ಷೆ, ಹುಡುಗಿಯರ ಎರಡು ಹಾಸ್ಟೆಲ್ಲು, ಒಂದು ಕಣ್ಣಿನ ದವಾಖಾನೆ, ಇಷ್ಟು ಮಾಡಿದ್ದಳು. ಊರಿಗೆ ಊರೇ ಬಳಸುವ ಕಟ್ಟಡ ಸಿಕ್ಕಿದ್ದು ಇದೇ ಮೊದಲು. ಇಳಕಲ್ಲಿನ ವರ್ತಕರೂ ನೇಕಾರರೂ ಸೇರಿ ಮಾಡಿಕೊಂಡಿದ್ದ ಸಮಿತಿಯೊಂದು ಸಮುದಾಯ ಭವನ ಕಟ್ಟಲು ಹೊರಟಿತ್ತು. ಅಧ್ಯಕ್ಷ ಧರ್ಮರಾಜನಿಗೆ ಬಸ್ ನಿಲ್ದಾಣದ ಎದುರಿಗೇ ಸೀರೆ ಅಂಗಡಿ. ಊರ ಮೇಲೆ ಪ್ರೀತಿ ಅಂದರೆ ಪ್ರೀತಿ. ಮೊದಲ ಭೇಟಿಯಲ್ಲೇ ಅವನು ಹೇಳಿದ್ದ: "ಮೇಡಂ, ಮುಂದ ಬದಾಮಿ ಗುಹಾದ ಕಂಬ ಬೇಕು. ಮ್ಯಾಲ ಪಟ್ಟದಕಲ್ಲಿನ ಶಿಖರ. ನಡುವ ನಲವತ್ತ ಫೂಟಿನ ಸೀರಿ ಸೆರಗು. ಬಸ್ಸಿನ್ಯಾಗ ಹೋಗವ್ರು ನೋಡಿದ್ರ ಇದು ಇಳಕಲ್ ಅನಬೇಕು."

ರೋಹಿಣಿ ಅಷ್ಟನ್ನೂ ಹಾಕಿದ್ದಳು. ಕಂಬ ಫೈಬರಿನದು, ಶಿಖರದ ಒಳಗೆ ನೀರಿನ ಟಾಕಿ, ಸೆರಗಿಗೆ ಬಣ್ಣದ ಟೈಲ್ಸು. ಬಿಡಿಸುವಾಗಲೇ ಇದು ಅತಿಯಾಯಿತೆನಿಸಿತ್ತು. ಗಿರಾಕಿ ಕೇಳಿದ್ದು ಕೊಡುವುದೇ ತನ್ನ ಕೆಲಸವೆಂದು ಅದನ್ನು ಒಳಗೇ ಒತ್ತಿಹಾಕಿದ್ದಳು. ಆ ದಿನ ಹನ್ನೊಂದಕ್ಕೆ ಸಮಿತಿಗೆ ತೋರಿಸಬೇಕಿತ್ತು. ಅದಕ್ಕೆ ಮುಂಚೆ ಜಾಗದ ಒಂದೆರಡು ಫೋಟೋ ತೆಗೆಯೋಣವೆಂದು ಬೇಗ ಬಂದಿದ್ದಳು.

"ಯಾಕ್ರಿ ಯವ್ವಾ, ಇಷ್ಟು ದೂರ ಬಂದು ಎಳಿತೀರಿ?" ಗಂಟು ಹಾಕುತ್ತ ಕೇಳಿದಳು.

"ಮೊದಲ ಓಣ್ಯಾಗ ಎಳಿತಿದ್ವಿ. ಈಗ ಮನಿಗೆರಡು ಮೋಟರ್ ಸೈಕಲ್ಲು. ಹಾಸು ಕಟ್ಟಿದ್ರ ನೀರಿನ ಟ್ಯಾಂಕರ್ ಹಾರ್ನ್ ಹೊಡಿತೈತಿ. ಉಳದಿದ್ದು ಇದೊಂದ ಬಯಲು. ಇಲ್ಲೂ ಏನೋ ಭವನ ಬರತೈತಂತ."

ರೋಹಿಣಿಯ ಬೆರಳು ನಿಂತಿತು. ಅಬೇದಾ ಅಷ್ಟರಲ್ಲಿ ಕಾರಿನ ಕಿಟಕಿಗೆ ಮುಖ ಒತ್ತಿ ಒಳಗೆ ನೋಡುತ್ತಿದ್ದಳು. "ಇದೇನ್ರಿ ಅಕ್ಕಾ, ಗುಡಿಯೋ, ಸೀರಿ ಅಂಗಡಿಯೋ?"

"ಅದ ಭವನ," ಎಂದಳು ರೋಹಿಣಿ ಮೆಲ್ಲಗೆ. "ನಾನ ಮಾಡೀನಿ."

ಶಿವಲಿಂಗವ್ವ ಎದ್ದು ಹೋಗಿ, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು ಮತ್ತೆ ಕೂತಳು. ಬೈಯುತ್ತಾಳೆಂದುಕೊಂಡರೆ ಬೈಯಲಿಲ್ಲ. "ಛಂದ ಐತಿ," ಎಂದಳು. "ಇದರಾಗ ನಾವೆಲ್ಲಿ ಕುಂದ್ರೂಣು?"

ಹನ್ನೊಂದಾಗಿ ಹದಿನೈದು ನಿಮಿಷಕ್ಕೆ ಧರ್ಮರಾಜ ತನ್ನ ಗೆಳೆಯ ಹುಚ್ಚೇಶನ ಗಾಡಿಯ ಹಿಂದೆ ಕೂತು ಹುಡುಕಿಕೊಂಡು ಬಂದ. ಹುಚ್ಚೇಶನದು ಊರ ಹೊರಗೆ ಕೆಂಪು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆ.

"ಅಲ್ರಿ ಮೇಡಂ! ಅಲ್ಲಿ ಮೆಂಬರು ಎಲ್ಲಾ ಎರಡೆರಡು ಸಲ ಚಹಾ ಕುಡದ್ರು. ನೀವಿಲ್ಲಿ ಗಂಟು ಹಾಕ್ಕೋತ ಕುಂತೀರಿ?"

ರೋಹಿಣಿ ಕೈಯಲ್ಲಿದ್ದ ಎಳೆಯನ್ನು ಮುಗಿಸಿಯೇ ತಲೆಯೆತ್ತಿದಳು. "ನನಗ ಒಂದು ತಿಂಗಳ ಟೈಮ್ ಕೊಡ್ರಿ. ಆ ನಕ್ಷಿ ಬ್ಯಾಡ. ನೀವು ಹೇಳಿದ್ದೆಲ್ಲಾ ಅದರಾಗ ಹಾಕೀನಿ. ಊರಿಗೆ ಮಾತ್ರ ಜಾಗ ಬಿಟ್ಟಿಲ್ಲ."

ಧರ್ಮರಾಜ ಬಾಯಿ ತೆರೆದ. ಶಿವಲಿಂಗವ್ವ ಅವನನ್ನು ದಿಟ್ಟಿಸಿದಳು. "ಒಂದ ತಿಂಗಳು," ಎಂದ ಅವನು. ಚಿಕ್ಕವನಿದ್ದಾಗ ಅವಳ ಮಗ್ಗದ ಮನೆಯಲ್ಲಿ ನೂಲಿನ ಕಂಡಿಕೆ ಸುತ್ತಿದವನು ಅವನು.

ಆ ತಿಂಗಳಲ್ಲಿ ರೋಹಿಣಿ ವಾರಕ್ಕೆರಡು ಸಲ ಇಳಕಲ್ಲಿಗೆ ಬಂದಳು. ಮೂರು ಸೀರೆಗಾಗುವ ಉದ್ದದ ಹಾಸಿನ ಪಕ್ಕ ಈ ತುದಿಯಿಂದ ಆ ತುದಿಗೆ ನಡೆದಳು: ಮೂವತ್ತೆಂಟು ಹೆಜ್ಜೆ. ಹಾಸು ಎಳೆಯುವ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯುತ್ತದೆ, ಆಮೇಲೆ ಇಡೀ ದಿನ ಬಯಲು ಖಾಲಿ ಎಂದು ಬರೆದುಕೊಂಡಳು. ಸಂಜೆ ಯಾರ ಮನೆಯ ಮುಂದೆ ಭಜನೆ, ಯಾರ ಮನೆಯ ಮದುವೆಗೆ ಎಲ್ಲಿ ಪೆಂಡಾಲು ಎಂದೆಲ್ಲ ಅಬೇದಾಳನ್ನು ಕೇಳಿ ತಿಳಿದುಕೊಂಡಳು. ಒಂದು ಭಾನುವಾರ ಬದಾಮಿಗೆ ಹೋಗಿ, ಅಲ್ಲಿಂದ ಪಟ್ಟದಕಲ್ಲಿಗೆ ಹೋದಳು. ಶಿಖರಗಳನ್ನು ಕಾಲೇಜಿನ ದಿನಗಳಿಂದ ಎಷ್ಟು ಸಲ ಬಿಡಿಸಿದ್ದಳೋ! ಈ ಸಲ ಒಂದನ್ನೂ ಬಿಡಿಸಲಿಲ್ಲ. ಗುಡಿಯೊಂದರ ಮಂಟಪದ ಅಂಚಿನ ಕಲ್ಲುಕಟ್ಟೆಯಲ್ಲಿ ಕೂತಳು. ಬೆನ್ನಿಗೆ ಆನಿಕೆಯಾಗಿ ಕಲ್ಲು ತುಸು ಹೊರಕ್ಕೆ ವಾಲಿತ್ತು. ಸೌತೆಕಾಯಿ ಮಾರುವವಳೊಬ್ಬಳು ಬುಟ್ಟಿ ಇಳಿಸಿ ಅದೇ ಕಟ್ಟೆಗೆ ಒರಗಿ, ಎರಡು ನಿಮಿಷದಲ್ಲಿ ನಿದ್ದೆ ಹೋದಳು. ಸಾವಿರ ವರ್ಷ ದಾಟಿದ ಮೇಲೂ ಆ ಕಲ್ಲು ದಣಿದವರ ಬೆನ್ನಿನ ಅಳತೆ ಮರೆತಿರಲಿಲ್ಲ. ರೋಹಿಣಿ ಟೇಪು ತೆಗೆದು ಅವಳಿಗೆ ಎಚ್ಚರವಾಗದಂತೆ ಆ ಓರೆಯನ್ನು ಅಳೆದುಕೊಂಡಳು.

ಎರಡನೆಯ ಮೀಟಿಂಗಿನಲ್ಲಿ ಥರ್ಮಾಕೋಲು ಇರಲಿಲ್ಲ, ಕಾಗದವಷ್ಟೇ. ಎರಡೂ ಬದಿ ತೆರೆದ ಉದ್ದನೆಯ ಪಡಸಾಲೆ, ಎತ್ತರದ ಮಾಡು, ಒಳಗೆ ಒಂದೂ ಕಂಬವಿಲ್ಲ, ಅಂಚಿನುದ್ದಕ್ಕೂ ಒರಗಿ ಕೂರುವ ಕೆಂಪು ಕಲ್ಲಿನ ಕಟ್ಟೆ. ಬೆಳಿಗ್ಗೆ ಹಾಸು, ಮಧ್ಯಾಹ್ನ ಊಟ, ಸಂಜೆ ಹಾಡು. ಹಿಂದುಗಡೆ ಅಡುಗೆಮನೆ, ಎರಡು ಕೋಣೆ.

ಧರ್ಮರಾಜ ಕಾಗದವನ್ನು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡ ಹಿಡಿದು ನೋಡಿದ. ಮುಖ ಇಳಿಯಿತು. "ಮೇಡಂ, ಇದು ರೇಲ್ವೆ ಪ್ಲಾಟ್‌ಫಾರ್ಮ್ ಆದಂಗ ಆತಲ್ರಿ. ಇದರಾಗ ಇಳಕಲ್ ಎಲ್ಲೈತಿ? ನಾಳಿ ನಮ್ಮ ಬೀಗರು ಹುನಗುಂದದಿಂದ ಬಂದ್ರ ಏನಂತ ತೋರಸಲಿ?"

"ಬೀಗರನ್ನ ಕರೀರಿ," ಎಂದುಬಿಟ್ಟಳು ರೋಹಿಣಿ. "ಒಂದು ದಿನ ಇಷ್ಟ ಉದ್ದ ಪೆಂಡಾಲ್ ಹಾಕಿ ನೋಡೂಣು."

ಮೆಂಬರುಗಳ ನಡುವಿನಿಂದ ಹುಚ್ಚೇಶ ನಕ್ಕ. "ಲೇ ಧರ್ಮ್ಯಾ, ಹೆಂಗೂ ಹದಿನೈದು ದಿವಸಕ್ಕ ನಿನ್ನ ಮೊಮ್ಮಗಳ ಹೆಸರಿಡೋ ಕಾರ್ಯ ಐತೆಲ್ಲ. ಅಲ್ಲೇ ಮಾಡು!"

ಎಲ್ಲರೂ ಚಪ್ಪಾಳೆ ಹೊಡೆದ ಮೇಲೆ ಧರ್ಮರಾಜನಿಗೆ ಹಿಂದೆ ಸರಿಯುವ ದಾರಿ ಉಳಿಯಲಿಲ್ಲ.

ಪೆಂಡಾಲಿನವನು ಬಂದು, ಇಷ್ಟು ಉದ್ದ, ಇಷ್ಟು ಕಡಿಮೆ ಅಗಲದ ಪೆಂಡಾಲು ತನ್ನ ಜನ್ಮದಲ್ಲಿ ಹಾಕಿಲ್ಲವೆಂದು ಗೊಣಗುತ್ತಲೇ ಹಾಕಿದ. ಹೆಸರಿಡುವ ಮುಹೂರ್ತ ಹನ್ನೊಂದೂವರೆಗೆ. ಬೆಳಿಗ್ಗೆ ಆರಕ್ಕೆ ಶಿವಲಿಂಗವ್ವನ ಮಂದಿ ಬಂದು ಒಂದರ ಪಕ್ಕ ಒಂದರಂತೆ ಮೂರು ಹಾಸು ಎಳೆದರು: ಒಂದು ದಾಳಿಂಬೆ ಕೆಂಪು, ಒಂದು ನವಿಲು ಬಣ್ಣ, ಒಂದು ಕಪ್ಪು. ಒಂಬತ್ತಕ್ಕೆಲ್ಲ ಬಿಚ್ಚಿ ಸುತ್ತಿಟ್ಟು ಜಾಗ ಬಿಟ್ಟುಕೊಡುವ ಮಾತು.

ಎಂಟಕ್ಕೇ ಹುನಗುಂದದ ಬೀಗರ ಕ್ರೂಸರ್ ಬಂದು ನಿಂತಿತು.

ಆಮಂತ್ರಣ ಪತ್ರಿಕೆಯಲ್ಲಿ ನಾಷ್ಟಾ ಒಂಬತ್ತೂವರೆಗೆ ಎಂದೂ ಹಾಕಿಸಿದ್ದು ಧರ್ಮರಾಜನೇ. ಬೀಗರು ಅದನ್ನೇ ಮುಹೂರ್ತವೆಂದು ಓದಿಕೊಂಡು ಮುಂಚಿತವಾಗಿಯೇ ಬಂದಿದ್ದರು. ಒಂದು ಗಾಡಿಯಿಂದ ಹದಿನಾರು ಮಂದಿ ಇಳಿದರು. ಕುರ್ಚಿ ಬಂದಿಲ್ಲ, ತೊಟ್ಟಿಲು ಬಂದಿಲ್ಲ, ಉಪ್ಪಿಟ್ಟು ಇನ್ನೂ ಒಲೆಯ ಮೇಲಿದೆ. ಪೆಂಡಾಲಿನ ತುಂಬ ನೂಲು. ಧರ್ಮರಾಜನ ಅಂಗಿ ಬೆನ್ನಿಗೆ ಅಂಟಿತು. ರೋಹಿಣಿ ಓಡಿಹೋಗಿ ಶಿವಲಿಂಗವ್ವನ ಕಿವಿಯಲ್ಲಿ ಪಿಸುಗುಟ್ಟಿದಳು: "ಯವ್ವಾ, ಲಗೂನ ಬಿಚ್ಚಾಕ ಆಗತೈತೇನು?"

"ಗಂಜಿ ಹಸಿ ಐತಿ. ಬಂದವ್ರನ್ನ ನಿಂದ್ರಸು," ಎಂದಳು ಶಿವಲಿಂಗವ್ವ, ಕೈ ನಿಲ್ಲಿಸದೆ.

ಬೀಗಿತ್ತಿ ಇಂದ್ರವ್ವ ಎಲ್ಲರಿಗಿಂತ ಮುಂದೆ ನಡೆದು ಬಂದಳು. ತಪ್ಪು ಹುಡುಕುವುದರಲ್ಲಿ ಎರಡು ತಾಲ್ಲೂಕಿಗೆ ಹೆಸರಾದವಳು. ಪೆಂಡಾಲಿನ ಬಾಯಲ್ಲಿ ನಿಂತಳು. ಬಟ್ಟೆಯ ಸಂದಿಯಿಂದ ಬಿದ್ದ ಬೆಳಕು ಮೂರು ಹಾಸಿನ ಮೇಲೆ ಉದ್ದಕ್ಕೂ ಹರಿದು, ಗಾಳಿ ಬಂದಾಗಲೊಮ್ಮೆ ಎಳೆಗಳು ಅಲೆಯೆದ್ದು ಮಲಗುತ್ತಿದ್ದವು.

"ಅಯ್ಯ ಬೀಗರ," ಎಂದಳು ಅವಳು, "ನಮ್ಮ ಸಲುವಾಗಿ ಇಷ್ಟು ಛಂದ ಡೆಕೋರೇಶನ್ ಮಾಡಿಸೀರಿ?"

ಧರ್ಮರಾಜ ರೋಹಿಣಿಯನ್ನು ನೋಡಿದ. ರೋಹಿಣಿ ಆಕಾಶ ನೋಡಿದಳು. ಅವನು ಗಂಟಲು ಸರಿಮಾಡಿಕೊಂಡ.

"ಮತ್ತ? ಇಳಕಲ್ಲಿಗೆ ಬಂದ್ರ ಪ್ಲಾಸ್ಟಿಕ್ ಹೂವು ತೋರಸೂದೇನ್ರಿ?"

ಆಮೇಲೆ ನಡೆದದ್ದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಇಂದ್ರವ್ವ ಎಳೆ ಮುಟ್ಟಿ ನೋಡಿದಳು. ತನ್ನ ತವರಿನ ಅಜ್ಜಿ ಹೀಗೇ ಹಾಸು ಬಿಡಿಸುತ್ತಿದ್ದಳೆಂದು ಶಿವಲಿಂಗವ್ವನಿಗೆ ಹೇಳಿದಳು. ಮಾತಾಡುತ್ತ ಆಡುತ್ತ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಜಿ ಸವರುವ ಕುಂಚ ಹಿಡಿದೇಬಿಟ್ಟಳು. ಉಪ್ಪಿಟ್ಟು ಬಂತು. ಬೀಗರು ಹಾಸಿನ ಪಕ್ಕದಲ್ಲೇ ನಿಂತು ತಿಂದರು. ಒಂಬತ್ತೂಕಾಲಿಗೆ ಹಾಸುಗಳನ್ನು ಸುತ್ತುವಾಗ ಹುನಗುಂದದ ಹದಿನಾರು ಮಂದಿಯೂ ಒಂದೊಂದು ಕಡೆ ಹಿಡಿದಿದ್ದರು. ಹನ್ನೊಂದೂವರೆಗೆ ತೊಟ್ಟಿಲು ಅದೇ ಜಾಗದಲ್ಲಿ ತೂಗಿತು. ಮಗುವಿಗೆ ಮಾಯಾ ಎಂದು ಹೆಸರಿಟ್ಟರು. ಮುನ್ನೂರು ಮಂದಿ ಎರಡು ಉದ್ದ ಸಾಲಿನಲ್ಲಿ ಕೂತು ಉಂಡರು. ಬಡಿಸುವವರಿಗೆ ತಿರುಗುವ ತಾಪತ್ರಯವೇ ಇರಲಿಲ್ಲ; ಹೋಗುವುದು ಒಂದು ಕಡೆ, ಬರುವುದು ಇನ್ನೊಂದು ಕಡೆ.

ಊಟವಾದ ಮೇಲೆ ಧರ್ಮರಾಜ ಎಲೆ ಅಡಿಕೆ ಹಾಕಿಕೊಂಡು ರೋಹಿಣಿಯ ಹತ್ತಿರ ಬಂದ. "ಕಟ್ಟೂಣ್ರಿ," ಎಂದ. ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಒಂದ ಒಂದು ಸಣ್ಣ ಶಿಖರ..."

"ಇಲ್ರಿ."

"ಆತು ಬಿಡ್ರಿ."

ಕಟ್ಟಲು ಒಂದೂವರೆ ವರ್ಷ ಹಿಡಿಯಿತು. ಹುಚ್ಚೇಶನ ಕಾರ್ಖಾನೆಯ ಹಿಂದೆ ಗುಡ್ಡದಂತೆ ಬಿದ್ದಿದ್ದ ಒಡಕು ಗ್ರಾನೈಟಿನ ತುಂಡುಗಳೇ ಕಟ್ಟೆಗೂ ನೆಲಕ್ಕೂ ಆದವು. ಪಾಲಿಶ್ ಬೇಡ, ಕಾಲು ಜಾರುತ್ತದೆ, ಒರಟಾಗಿಯೇ ಇರಲಿ ಎಂದು ರೋಹಿಣಿ ಹೇಳಿದಾಗ ಅವನಿಗೆ ಅಳುವೇ ಬಂದಿತ್ತು. ಜೀವಮಾನವೆಲ್ಲ ಕಲ್ಲಿಗೆ ಹೊಳಪು ಕೊಟ್ಟವನು. ಕಲ್ಲು ಕೂಡಿಸಿದ ಮೇಲೆ ತಾನೇ ಬಂದು ಅಂಗೈಯಿಂದ ಸವರಿ, ಕೂತು ನೋಡಿ, "ಗುಡೂರಿನ ಹೊಲದ ಬದುವಿನ ಮ್ಯಾಲ ಕುಂತಂಗ ಐತಿ," ಎಂದ. ಗುಡೂರು ಅವನ ಹುಟ್ಟೂರು.

ಭವನ ತೆರೆದು ನಾಲ್ಕು ತಿಂಗಳಾದ ಮೇಲೆ ಒಂದು ದಿನ ಕಾರು ರಿಪೇರಿಗೆ ಹೋಗಿದ್ದರಿಂದ ರೋಹಿಣಿ ಬಾಗಲಕೋಟೆಯಿಂದ ಬಸ್ಸಿನಲ್ಲಿ ಬಂದಳು. ಚೀಲದಲ್ಲಿ ಭಾರದ ಫೈಲುಗಳಿದ್ದವು. ಸುತ್ತುಹಾಕಿ ನಡೆಯುವ ಬದಲು ಆಟೋ ಹತ್ತಿ, ಸಮುದಾಯ ಭವನ ಎಂದಳು.

"ಯಾವ ಭವನ್ರಿ?" ಆಟೋದ ಹುಡುಗ ರಾಹುಲ ಹಿಂದೆ ತಿರುಗಿದ.

ಬಾಗಿಲ ಮೇಲೆ ಬರೆಸಿದ್ದ ಉದ್ದನೆಯ ಹೆಸರನ್ನು ಅವಳು ಪೂರ್ತಿ ಹೇಳಿದಳು. ಅವನು ತಲೆ ಕೆರೆದುಕೊಂಡ. ಕೆಂಪು ಕಲ್ಲಿನ ಕಟ್ಟೆ ಇದೆಯಲ್ಲ, ಬೆಳಿಗ್ಗೆ ನೂಲು ಎಳೆಯುತ್ತಾರಲ್ಲ ಎಂದು ವಿವರಿಸಿದಳು.

"ಓ, ಉದ್ದ ಪಡಸಾಲಿ! ಹಂಗ ಅನ್ರಿ ಮತ್ತ. ನಮ್ಮ ತಂಗಿ ನಿಶ್ಚಯ ಅಲ್ಲೇ ಆತು."

ಅವಳು ನಕ್ಕಳು, ತಾನೇ ಅದರ ನಕ್ಷೆ ಬಿಡಿಸಿದವಳು ಎಂದು ಹೇಳಬೇಕೆನಿಸಿತು. ಅವನು ದಾರಿಯುದ್ದಕ್ಕೂ ಉದ್ದ ಪಡಸಾಲೆಯ ಗಾಳಿ, ಅಲ್ಲಿನ ಊಟದ ಸಾಲು, ಯಾರ್ಯಾರು ಎಲ್ಲೆಲ್ಲಿಂದ ನೋಡಲು ಬರುತ್ತಾರೆ ಎಂಬುದನ್ನೆಲ್ಲ ಅವಳಿಗೇ ವರ್ಣಿಸಿದ. ಅವಳು ಹೊಸದಾಗಿ ಕೇಳುವವಳಂತೆ ಹೂಂಗುಟ್ಟಿದಳು.

ಪಡಸಾಲೆಯಲ್ಲಿ ಶಿವಲಿಂಗವ್ವ ಕೋಲು ಹಿಡಿದು ಕಾಯುತ್ತಿದ್ದಳು.

"ಬಂದೇನವ್ವಾ? ನಿನ್ನ ಮಾಡಿನ ತುಂಬ ಪಾರಿವಾಳ ಸಂಸಾರ ಹೂಡ್ಯಾವ ನೋಡು. ನಿನ್ನೆ ಅಬೇದಾನ ಬಿಳಿ ಹಾಸಿನ ಮ್ಯಾಲ ಏನೇನು ಚಿತ್ತಾರ ಮಾಡ್ಯಾವ, ಹೇಳಾಕ ನಾಚಿಕಿ. ಇದನ್ಯಾಕ ಯೋಚನಿ ಮಾಡಲಿಲ್ಲ ನೀ?"

ರೋಹಿಣಿ ಕತ್ತೆತ್ತಿ ನೋಡಿದಳು. ತೊಲೆಯ ಮೇಲೆ ಏಳೆಂಟು ಪಾರಿವಾಳಗಳು ಸಾಲಾಗಿ ಕೂತು, ಬಹಳ ಹಿಂದಿನಿಂದ ಅಲ್ಲೇ ಇದ್ದವರ ಠೀವಿಯಲ್ಲಿ ಕೆಳಗೆ ನೋಡುತ್ತಿದ್ದವು. ಅವಳು ಚಪ್ಪಲಿ ಕಳಚಿ, ಕಟ್ಟೆಯ ಮೇಲೆ ಹತ್ತಿ ನಿಂತಳು.

"ಬಲೆ ಹಾಕಸೂಣ್ರಿ ಯವ್ವಾ. ಏಣಿ ಎಲ್ಲೈತಿ?"