ಎಂಟು ಹಾಸಿಗೆಯ ಹಡಗು

ಗದಗಿನ ಹತ್ತಿಕಾಳಿನ ವ್ಯಾಪಾರಿ ಹುಚ್ಚೀರಪ್ಪನವರು ಗ್ರೀಸ್ ದೇಶದ ಸಮುದ್ರದಲ್ಲಿ ಒಂದು ವಾರ ಸುತ್ತಲು ಇಡೀ ಹಡಗನ್ನೇ ಬಾಡಿಗೆಗೆ ಹಿಡಿದ ಸುದ್ದಿ ಬೇರೆಯವರ ಬಾಯಿಂದ ಹಬ್ಬಲಿಲ್ಲ. ಅಷ್ಟು ಕಾಯುವ ತಾಳ್ಮೆ ಅವರಿಗಿರಲಿಲ್ಲ. ಕ್ಷೌರಕ್ಕೆ ಕೂತರೂ ಹಡಗು, ಹೆಣ ನೋಡಲು ಹೋದರೂ ಹಡಗು. ಹೇಳಿ ಮುಗಿಸುವಾಗ ಬಾಯಿಮಾತಿಗೆ, "ಬರ್ರಲ್ಲ, ನೀವೂ ಹೋಗೂಣು" ಎನ್ನುತ್ತಿದ್ದರು.

ನಮ್ಮ ಕಡೆ ಗಂಗಾಳದ ಮುಂದೆ ಕೂತವನು ದಾರಿಯಲ್ಲಿ ಹೋಗುವವನಿಗೂ "ಊಟಕ್ಕ ಬರ್ರಿ" ಎನ್ನುತ್ತಾನೆ. ದಾರಿಯವನು "ನೀವು ಉಣ್ರಿ, ನಮ್ಮದು ಆತು" ಎನ್ನುತ್ತಾನೆ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ, ರೊಟ್ಟಿಯೂ ಉಳಿಯುತ್ತದೆ.

ಶಿರಹಟ್ಟಿಯ ಅಕ್ಕ ಕಳಕವ್ವ ಮಾತ್ರ ಹಾಗೆನ್ನಲಿಲ್ಲ. "ಆತು ತಮ್ಮಾ" ಎಂದಳು. ಎರಡು ತಿಂಗಳಲ್ಲಿ ತನ್ನದು, ಗಂಡನದು, ಮಗಳು-ಅಳಿಯನದು ಸೇರಿ ನಾಲ್ಕು ಪಾಸ್‌ಪೋರ್ಟು ತಂದು ತಮ್ಮನ ಮುಂದಿಟ್ಟಳು.

ಒಲ್ಲೆ ಎಂದರೆ, ಕರೆದು ಪಂಕ್ತಿಯಿಂದ ಎಬ್ಬಿಸಿ ಕಳಿಸಿದವನು ಎಂಬ ಹೆಸರು ಬಜಾರಿನಲ್ಲಿ ಸಾಯುವತನಕ ನಿಲ್ಲುತ್ತದೆ. ಖರ್ಚು ಹೇಳಿ ಹೆದರಿಸುವುದೊಂದೇ ದಾರಿ. ಟಿಕೆಟ್ ಮಾಡಿಸಿಕೊಡುವ ರಫೀಕನನ್ನು ಹುಚ್ಚೀರಪ್ಪ ಮನೆಗೆ ಕರೆಸಿದರು.

"ಅಕ್ಕಗ ಎಲ್ಲಾ ಬಿಡಿಸಿ ಹೇಳಪಾ."

"ಕೊಟ್ಟಿದ್ದು ಬರೇ ಹಡಗಿನ ಬಾಡಗಿರಿ, ಕಳಕವ್ವಾರ," ಎಂದ ರಫೀಕ. "ಡೀಸೆಲ್ ಬ್ಯಾರೆ, ಬಂದರದಾಗ ಕಟ್ಟಿದರ ಅದು ಬ್ಯಾರೆ, ನೀರು ಬ್ಯಾರೆ."

"ಸಮುದ್ರದಾಗ ನೀರಿಗೆ ರೊಕ್ಕ?"

"ಹೌದ್ರಿ. ಗಾಳಿ ಜೋರಾದ್ರ ಹಡಗು ಬಿಡೂದಿಲ್ಲ. ಬಾಡಗಿ ಮಾತ್ರ ನಿಂದ್ರೂದಿಲ್ಲ."

"ನಮ್ಮ ತಮ್ಮಗ ಅದೇನ್ ಭಾರ ಬಿಡು. ಊಟ?"

"ಅಡಿಗಿಯವರಿಗೆ ದಿನಾ ಪಗಾರರಿ."

"ಯಾಕ? ಇನ್ನೂರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡು ಬರ್ತೇನಿ."

ಹುಚ್ಚೀರಪ್ಪ ಬೆರಳು ಮಡಿಸಿದರು. ತಾವು, ಹೆಂಡತಿ ಸುಮಿತ್ರವ್ವ, ಮಗ ಶಿವಯೋಗಿ, ಸೊಸೆ ಅಂಕಿತಾ. ಅಕ್ಕನ ಕಡೆ ನಾಲ್ವರು. ಎಂಟು ಮಂದಿ, ಹಡಗಿನಲ್ಲೂ ಎಂಟೇ ಹಾಸಿಗೆ. ಹೋಗಲಿ, ಮರ್ಯಾದೆಯಾದರೂ ಉಳಿಯಿತು.

"ಇನ್ನೊಂದೈತ್ರಿ," ಎಂದು ರಫೀಕ ಕೆಮ್ಮಿದ. "ಹಡಗು ನಡಸಾಂವಗ ಒಂದು ಹಾಸಿಗಿ ಬಿಡಬೇಕು. ಅಂವನ ಊಟಾನೂ ನಮ್ಮದ."

"ಅಂವ ಯಾಕಲೇ? ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಹೊಡದೇನಿ, ಇದನ್ನೂ ನಾನ ಹೊಡೀತೇನಿ!" ಎಂದರು ಹುಚ್ಚೀರಪ್ಪ.

"ಹಡಗಿನ ಲೈಸೆನ್ಸ್ ಕೇಳ್ತಾರ್ರಿ ಸಾಹುಕಾರ್ರ."

"ಹಂಗಾರ ಕ್ಯಾನ್ಸಲ್ ಮಾಡು."

"ಕಟ್ಟಿದ ರೊಕ್ಕ ಒಂದ್ ಪೈಸಾ ತಿರುಗಿ ಬರೂದಿಲ್ಲರಿ."

ಹುಚ್ಚೀರಪ್ಪ ಮತ್ತೆ ಬೆರಳು ಮಡಿಸಿದರು; ಒಬ್ಬರು ಉಳಿಯಲೇಬೇಕು. ಸುಮಿತ್ರವ್ವ ಚಹದ ಕಪ್ಪು ಎತ್ತಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು:

"ಪಂಕ್ತ್ಯಾಗ ಕರಿಸಿಕೊಂಡವರು ಮೊದಲ ಕುಂಡ್ರತಾರ. ಮನಿಯವರು ಕಡೀಕ."

"ಹಂಗಂದ್ರ ನೀ ಉಳಿತೀಯೇನ?"

"ಮೂವತ್ತು ವರ್ಷ ನಾನ ಕಡೀಕ ಉಂಡೇನಿ. ಕರದವರು ನೀವು, ಈ ಸಲ ನೀವು."

"ಖರೆ ಮಾತು," ಎಂದಳು ಕಳಕವ್ವ.

ಜೂನಿನ ಒಂದು ಮುಂಜಾನೆ ಏಳು ಮಂದಿ, ರೊಟ್ಟಿಯ ಎರಡು ಗಂಟು ವಿಮಾನ ಹಿಡಿಯಲು ಗದಗ ಸ್ಟೇಷನ್ನಿನಲ್ಲಿ ರೈಲು ಹತ್ತಿದವು. ಹುಚ್ಚೀರಪ್ಪ ಪ್ಲಾಟ್‌ಫಾರ್ಮಿನಲ್ಲಿ ನಿಂತರು. ತಿಂಗಳುಗಟ್ಟಲೆ ಹಡಗಿನ ಕಥೆ ಕೇಳಿದ ಬಜಾರಿನ ಮಂದಿಯೂ ಕಳಿಸಿಕೊಡಲು ಬಂದಿದ್ದರು. ರೈಲು ಅಲುಗಿತು. ಕಳಕವ್ವ ಕಿಟಕಿಯಿಂದ ಕೈ ಬೀಸಿ, ಬಾಯಿತುಂಬ ಕರೆದಳು:

"ಬಾರೋ ತಮ್ಮಾ, ನೀನೂ ಹೋಗೂಣು!"

ಬಜಾರಿನವರೆಲ್ಲ ಹುಚ್ಚೀರಪ್ಪನವರ ಬಾಯಿಯನ್ನೇ ನೋಡುತ್ತಿದ್ದರು.

"ನೀವು ಹೋಗಿ ಬರ್ರಿ ಅಕ್ಕಾ," ಎಂದರು ಅವರು. "ನಮ್ಮದು ಆತು."